ನ್ಯೂರೋಪೆಪ್ಟೈಡ್: ಹುಳುವಿನ ನಡೆ, ಮನುಷ್ಯರ ನಿದ್ರೆ

ನರಕೋಶಗಳು ಹೊರಬಿಡುವ ಪ್ರೋಟೀನಿನ ಕಿರು ತುಣುಕುಗಳೇ ನ್ಯೂರೋಪೆಪ್ಟೈಡ್‌ಗಳು. ಹಸಿವು, ನಿದ್ರೆ, ನೋವುಗಳನ್ನು ಇವು ಹೆಚ್ಚು ಕಡಿಮೆ ಮಾಡುತ್ತವೆ. ಆದರೆ ಪೆಪ್ಟೈಡ್ ಒಂದೇ ಸಾಲದು. ಅದನ್ನು ಗುರುತಿಸುವ ಗ್ರಾಹಕ (ರಿಸೆಪ್ಟರ್) ಕೋಶದ ಮೇಲೆ ಇರಬೇಕು.

ಇದನ್ನು ಅರಿಯಲು ವಿಜ್ಞಾನಿಗಳು ಸಿ. ಎಲೆಗನ್ಸ್ ಎಂಬ ದುಂಡುಹುಳುವನ್ನು ಬಳಸುತ್ತಾರೆ. ಉದ್ದ ಸುಮಾರು 1 ಮಿ.ಮೀ., ನರಕೋಶಗಳು ಕೇವಲ 302. ಇದರ ಕೆಲವು ತಳಿಗಳು ಗುಂಪುಗೂಡಿ ತಿನ್ನುತ್ತವೆ, ಕೆಲವು ಒಂಟಿಯಾಗಿ. ಎನ್‌ಪಿಆರ್-1 ಗ್ರಾಹಕದ ಒಂದೇ ಅಮೈನೋ ಆಮ್ಲ ಬದಲಾದರೆ ಈ ಸ್ವಭಾವವೇ ಬದಲಾಗುತ್ತದೆಂದು 1998ರಲ್ಲಿ ತಿಳಿಯಿತು. ಕವಿತಾ ಬಾಬು ಅವರ ತಂಡ 2018ರಲ್ಲಿ ಇನ್ನೊಂದು ಸಂಗತಿ ತೋರಿಸಿತು: ಎಫ್‌ಎಲ್‌ಪಿ-18 ಎಂಬ ಪೆಪ್ಟೈಡ್ ಇಲ್ಲದ ಹುಳು ಹೆಚ್ಚು ದೂರ ಹಿಂದಕ್ಕೆ ಸರಿಯುತ್ತದೆ. ಅದರ ಗ್ರಾಹಕಗಳು ಕೆಟ್ಟಾಗಲೂ ಹಾಗೆಯೇ. ಮುಂಬೈನ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಸಂಧ್ಯಾ ಕೌಶಿಕ ಅವರ ಪ್ರಯೋಗಾಲಯವೂ ಇದೇ ಹುಳುವಿನಲ್ಲಿ ನರತಂತುವಿನೊಳಗಿನ ಸಾಗಾಟವನ್ನು ಅಧ್ಯಯನ ಮಾಡುತ್ತದೆ.

ಹುಳುವಿನ ಪ್ರಯೋಗವೇ ಚಿಕಿತ್ಸೆಯಲ್ಲ, ನಿಜ. ಆದರೆ ತತ್ವ ನಮಗೂ ಅನ್ವಯಿಸುತ್ತದೆ. ಮೈಗ್ರೇನ್ ತಡೆಯುವ ಕೆಲವು ಹೊಸ ಔಷಧಗಳು ಸಿಜಿಆರ್‌ಪಿ ಎಂಬ ಪೆಪ್ಟೈಡನ್ನೋ ಅದರ ಗ್ರಾಹಕವನ್ನೋ ತಡೆಯುತ್ತವೆ. ಮಿದುಳಿನಲ್ಲಿ ಒರೆಕ್ಸಿನ್ ಪೆಪ್ಟೈಡ್ ತಯಾರಿಸುವ ಕೋಶಗಳು ನಾಶವಾದರೆ ನಾರ್ಕೊಲೆಪ್ಸಿ ಬರುತ್ತದೆ: ರಾತ್ರಿ ಮಲಗಿದ್ದರೂ ಹಗಲಲ್ಲಿ ತಡೆಯಲಾಗದ ನಿದ್ರೆ, ನಕ್ಕಾಗ ಮೊಣಕಾಲು ಕುಸಿಯುವುದು. ಮನೆಯವರು ಇದನ್ನು ಸೋಮಾರಿತನವೆಂದು ಬೈಯುವುದುಂಟು. ಬೈಗುಳದಿಂದ ಒರೆಕ್ಸಿನ್ ಹುಟ್ಟದು. ಇಂಥ ಲಕ್ಷಣಗಳಿದ್ದರೆ ನರರೋಗ ತಜ್ಞರನ್ನು ಕಾಣಿ. ಅಲ್ಲಿಯವರೆಗೆ ವಾಹನ ಓಡಿಸಬೇಡಿ, ಲೋಕಲ್ ರೈಲಿನ ಬಾಗಿಲ ಬಳಿ ನಿಲ್ಲಬೇಡಿ.