ಹತ್ತು ಪುಸ್ತಕ, ಒಂದು ಆಕರ

1886ರ ಮೇ 4ರಂದು ಷಿಕಾಗೋದ ಹೇಮಾರ್ಕೆಟ್‌ನಲ್ಲಿ ಕಾರ್ಮಿಕರ ಸಭೆಯ ಕೊನೆಗೆ ಬಾಂಬ್ ಸಿಡಿಯಿತು. ವಿಚಾರಣೆ ನಡೆದು ಮರುವರ್ಷ ನಾಲ್ವರನ್ನು ಗಲ್ಲಿಗೇರಿಸಲಾಯಿತು. ಆರೋಪಿಗಳಿಗೂ ಬಾಂಬಿಗೂ ನಂಟಿದೆಯೆಂಬ ಸಾಕ್ಷ್ಯವನ್ನು ಸರ್ಕಾರ ಒದಗಿಸಲೇ ಇಲ್ಲ ಎಂದು ಇಂಗ್ಲಿಷ್ ವಿಕಿಪೀಡಿಯ ಹೇಳುತ್ತಿತ್ತು. ನೂರಕ್ಕೂ ಹೆಚ್ಚು ಜನ ಸಾಕ್ಷಿ ನುಡಿದಿದ್ದನ್ನು ನ್ಯಾಯಾಲಯದ ಕಡತದಲ್ಲೇ ಓದಿದ್ದ ಇತಿಹಾಸಕಾರ ತಿಮೋತಿ ಮೆಸ್ಸರ್-ಕ್ರೂಸ್ ಅದನ್ನು ತಿದ್ದಿದರು. ತಿದ್ದುಪಡಿ ನಿಲ್ಲಲಿಲ್ಲ. ಮೂಲ ದಾಖಲೆ ಸಾಲದು, ಪ್ರಕಟಿತ ಅಧ್ಯಯನ ಬೇಕು ಎಂದರು ಉಳಿದ ಸಂಪಾದಕರು. 2011ರಲ್ಲಿ ಅವರದೇ ಪುಸ್ತಕ ಬಂದ ಮೇಲೆ, ಅದು ಅಲ್ಪಮತದ ಅಭಿಪ್ರಾಯ ಎಂದರು.

ನಿಯಮಕ್ಕೂ ಕಾರಣವಿದೆ. ಯಾರು ಬೇಕಾದರೂ ಬರೆಯಬಹುದಾದ ಕಡೆ ಯಾರ ಓದನ್ನು ನಂಬುವುದು? ಕಡತ ಓದಿ ಹೊಸದನ್ನು ಹೇಳುವುದು ಸಂಶೋಧಕರ ಕೆಲಸ. ವಿದ್ವಾಂಸರು ಒಪ್ಪಿದ್ದನ್ನು ದಾಖಲಿಸುವುದು ವಿಶ್ವಕೋಶದ್ದು. ಆದರೆ ಎಷ್ಟು ಪುಸ್ತಕಗಳು ಹೇಳಿವೆ ಎಂದು ಎಣಿಸುವಾಗ, ಯಾವ ಆಧಾರದ ಮೇಲೆ ಹೇಳಿವೆ ಎಂದೂ ಕೇಳಬೇಕು. ಒಂದೇ ತಪ್ಪನ್ನು ಹತ್ತು ಪುಸ್ತಕಗಳು ನಕಲು ಮಾಡಿದರೆ, ಆಕರ ಹತ್ತಾಗುವುದಿಲ್ಲ.