ವರ್ಚುವಲ್ ಯಂತ್ರಗಳ ಸ್ಥಾನನಿರ್ಣಯ: 2002ರ ಒಂದು ಕೋಷ್ಟಕದ ಪುನರ್ವಾಚನ

ಖಾಸಗಿ ಕ್ಲೌಡಿನಲ್ಲಿ ಯಾವ ವರ್ಚುವಲ್ ಯಂತ್ರವನ್ನು ಯಾವ ಸರ್ವರಿನ ಮೇಲೆ ಇರಿಸಬೇಕೆಂಬ ಪ್ರಶ್ನೆಯ ಚರಿತ್ರೆಯನ್ನು ನಿರೂಪಿಸಿದವರಲ್ಲಿ ಅನೇಕರು, ಅದು 1970ರ ದಶಕದಲ್ಲಿ ಗ್ಯಾರಿ, ಗ್ರಹಾಂ, ಜಾನ್ಸನ್ ಮೊದಲಾದವರು ವಿವೇಚಿಸಿದ ಬಿನ್ ಪ್ಯಾಕಿಂಗ್ ಸಮಸ್ಯೆಯ, ಎಂದರೆ ನಿಯತ ಗಾತ್ರದ ವಸ್ತುಗಳನ್ನು ಅತ್ಯಲ್ಪ ಸಂಖ್ಯೆಯ ಪೆಟ್ಟಿಗೆಗಳಲ್ಲಿ ತುಂಬುವ ಸಮಸ್ಯೆಯ, ರೂಪಾಂತರಮಾತ್ರವೆಂದು ಹೇಳಿ ಕೈತೊಳೆದುಕೊಂಡಿದ್ದಾರೆ. ಈ ಮತಕ್ಕೆ ವಿರುದ್ಧವಾದ ಪ್ರಬಲ ಸಾಕ್ಷ್ಯವು ಅವರೇ ಪದೇ ಪದೇ ಹೆಸರಿಸುವ ಪ್ರಬಂಧವೊಂದರಲ್ಲಿದೆ. 2002ರಲ್ಲಿ ಕಾರ್ಲ್ ವಾಲ್ಡ್‌ಸ್ಪರ್ಗರ್ ಅವರು ವಿಎಂವೇರ್ ಸಂಸ್ಥೆಯ ಇಎಸ್ಎಕ್ಸ್ ಸರ್ವರಿನ ಮೆಮೊರಿ ನಿರ್ವಹಣೆಯನ್ನು ಕುರಿತು ಪ್ರಕಟಿಸಿದ ಪ್ರಬಂಧವೇ ಅದು.

ಒಂದೇ ಸರ್ವರಿನಲ್ಲಿರುವ ಯಂತ್ರಗಳ ಮೆಮೊರಿ ಪುಟಗಳಲ್ಲಿ ಸಮಾನವಾದವುಗಳನ್ನು ಗುರುತಿಸಿ, ಒಂದೇ ಪ್ರತಿಯನ್ನು ಉಳಿಸಿಕೊಳ್ಳುವ ಉಪಾಯವನ್ನು ಅಲ್ಲಿ ವಿವರಿಸಲಾಗಿದೆ. ತಲಾ 40 ಎಂಬಿಯ, ಒಂದೇ ಬಗೆಯ ಹತ್ತು ಲಿನಕ್ಸ್ ಯಂತ್ರಗಳಿಗೆ ಒಂದೇ ಕೆಲಸವನ್ನು ಕೊಟ್ಟು ಪರೀಕ್ಷಿಸಿದಾಗ ಸುಮಾರು ಶೇಕಡ 60ರಷ್ಟು ಮೆಮೊರಿ ಮರಳಿ ದೊರೆಯಿತು. ಚರಿತ್ರಕಾರರು ಎತ್ತಿ ಹೇಳುವುದು ಈ ಅಂಕಿಯನ್ನೇ. ಅದರ ಬಳಿಯಲ್ಲೇ ಇರುವ, ನಿಜವಾದ ಬಳಕೆಯಲ್ಲಿದ್ದ ಮೂರು ಸರ್ವರುಗಳ ಕೋಷ್ಟಕವನ್ನು ಅವರು ಕಡೆಗಣ್ಣಿನಿಂದಲೂ ನೋಡಿಲ್ಲ. ಹತ್ತು ವಿಂಡೋಸ್ ಎನ್‌ಟಿ ಯಂತ್ರಗಳಿದ್ದಲ್ಲಿ 2048 ಎಂಬಿಯಲ್ಲಿ 673, ಎಂದರೆ ಶೇಕಡ 32.9 ಉಳಿಯಿತು, ಒಂಬತ್ತು ಲಿನಕ್ಸ್ ಯಂತ್ರಗಳಿದ್ದಲ್ಲಿ 18.7; ವಿಎಂವೇರ್ ಸಂಸ್ಥೆಯದೇ ಆದ, ಅಂಚೆ, ವೆಬ್ ಪ್ರಾಕ್ಸಿ ಮುಂತಾದ ಭಿನ್ನ ಕಾರ್ಯಗಳ ಐದು ಲಿನಕ್ಸ್ ಯಂತ್ರಗಳಲ್ಲಿ ಕೇವಲ 7.2. ಸ್ವಗೃಹದ ಈ ಕನಿಷ್ಠ ಫಲವನ್ನು ಮರೆಮಾಚದೆ ಅಚ್ಚುಹಾಕಿಸಿದ ಲೇಖಕರ ಪ್ರಾಮಾಣಿಕತೆಗೆ ಓದುಗರಿಂದ ಸಲ್ಲಬೇಕಾದ ಗೌರವ ಸಂದಿಲ್ಲ.

ಬಳ್ಳಿಗಾವಿಯ ಕೋಡಿಯಮಠವನ್ನು ಕುರಿತ 1162ರ ಶಾಸನದಿಂದ ಮಠದ ವರ್ಣನೆಯನ್ನಷ್ಟೇ ಎತ್ತಿಕೊಂಡು, ದತ್ತಿಯ ವಿವರಗಳನ್ನು ಓದದೆ ಬಿಡುವವರ ಪದ್ಧತಿಗೂ, ಶೇಕಡ 60ರ ಅಂಕಿಯನ್ನಷ್ಟೇ ಎತ್ತಿ ಹೇಳುವ ಈ ಪದ್ಧತಿಗೂ ಭೇದವಿಲ್ಲ. ಕೋಷ್ಟಕವನ್ನು ಇಡಿಯಾಗಿ ಓದಿದರೆ ತೋರುವುದಿಷ್ಟು: ಯಂತ್ರವೊಂದು ಆಕ್ರಮಿಸುವ ಮೆಮೊರಿಯು ಅದರ ನೆರೆಯಲ್ಲಿ ಯಾರಿದ್ದಾರೆಂಬುದನ್ನು ಅವಲಂಬಿಸಿದೆ. ಎರಡು ವಸ್ತುಗಳು ಕೂಡಿದಾಗ ಅವುಗಳ ಗಾತ್ರಗಳ ಮೊತ್ತಕ್ಕಿಂತ ಕಡಿಮೆ ಸ್ಥಳ ಸಾಲುವುದಾದರೆ, ಮತ್ತು ಆ ಕಡಿತವೂ ಜೋಡಿಯಿಂದ ಜೋಡಿಗೆ ಬೇರೆಯಾಗುವುದಾದರೆ, ನಿಯತ ಗಾತ್ರವೆಂಬ ಬಿನ್ ಪ್ಯಾಕಿಂಗಿನ ಮೂಲಾಧಾರವೇ ಕುಸಿಯುತ್ತದೆ. 2011ರಲ್ಲಿ ಸಿಂಡೆಲಾರ್, ಸೀತಾರಾಮನ್ ಮತ್ತು ಶೆಣೈ ಅವರು ಇಂಥ ಹಂಚಿಕೆಯನ್ನು ಗಣನೆಗೆ ತೆಗೆದುಕೊಳ್ಳುವ ಪ್ರತ್ಯೇಕ ಕ್ರಮವಿಧಿಗಳನ್ನು ರಚಿಸಬೇಕಾಗಿ ಬಂದದ್ದು ಈ ಕಾರಣದಿಂದಲೇ.

2014ರಲ್ಲಿ ಗೋಪ್ಯತೆಯ ಭಯದಿಂದ ವಿಎಂವೇರ್ ಸಂಸ್ಥೆಯು ಯಂತ್ರಗಳ ನಡುವಣ ಪುಟಹಂಚಿಕೆಯನ್ನು ಪೂರ್ವನಿಯೋಜಿತ ಸ್ಥಿತಿಯಲ್ಲಿ ನಿಲ್ಲಿಸಿತಲ್ಲ, ಆಗ ಹಳೆಯ ಮತವೇ ಗೆದ್ದಂತಾಯಿತಲ್ಲ ಎಂದು ಆಕ್ಷೇಪಿಸುವವರುಂಟು. ಆಕ್ಷೇಪ ಗೌರವಾರ್ಹವೇ, ಆದರೆ ಸಾಲದು. ಸುಮ್ಮನೆ ಬಿದ್ದಿರುವ ಮೆಮೊರಿಗೆ ಶೇಕಡ 75ರ ದರದಲ್ಲಿ ತೆರಿಗೆ ವಿಧಿಸಿ, ಬಲೂನಿಂಗ್ ಎಂಬ ಉಪಾಯದಿಂದ ಅದನ್ನು ಹಿಂಪಡೆದು, ಅಗತ್ಯವಿರುವ ಯಂತ್ರಕ್ಕೆ ಒದಗಿಸುವ ವ್ಯವಸ್ಥೆಯೂ ಅದೇ ಪ್ರಬಂಧದಲ್ಲಿದೆ. ಅದು ಇರುವವರೆಗೆ ಯಂತ್ರದ ಗಾತ್ರ ಗಳಿಗೆಗೊಂದು ಬಗೆಯಾಗುತ್ತಲೇ ಇರುತ್ತದೆ.

ನಮ್ಮ ನಾಡಿಗೆ ಇದು ದೂರದ ವಿಚಾರವಲ್ಲ. ಜಮೀನಿನ ದಾಖಲೆಗಳನ್ನು ಗಣಕೀಕರಿಸಿದ ಭೂಮಿ ಯೋಜನೆಯ ಆರಂಭದಲ್ಲಿ ಪ್ರತಿ ತಾಲ್ಲೂಕು ಕಚೇರಿಗೂ ಅದರದೇ ಗಣಕವಿದ್ದಿತು. ಬಳ್ಳಿಗಾವಿಯ ರೈತನು ಪಹಣಿಗಾಗಿ 15 ರೂಪಾಯಿ ತೆತ್ತು ಶಿಕಾರಿಪುರದಲ್ಲಿ ಸರದಿ ನಿಲ್ಲುತ್ತಿದ್ದನು. ಇಂಥ ತಾಲ್ಲೂಕು ಗಣಕಗಳನ್ನು ವರ್ಚುವಲ್ ಯಂತ್ರಗಳಾಗಿ ಒಂದೆಡೆ ತಂದರೆ, ಒಂದೇ ತಂತ್ರಾಂಶವನ್ನು ನಡೆಸುವ ಶಿಕಾರಿಪುರದ ಯಂತ್ರವೂ ಸೊರಬದ ಯಂತ್ರವೂ ಒಂದು ಸರ್ವರಿನಲ್ಲಿ ನೆರೆಯಾದಾಗ ಮೆಮೊರಿ ಉಳಿದೀತು; ಆದರೆ ಆ ಸರ್ವರು ಕೆಟ್ಟ ದಿನ ಎರಡು ತಾಲ್ಲೂಕುಗಳ ಪಹಣಿಯೂ ಒಮ್ಮೆಗೇ ನಿಂತೀತು. ಇದನ್ನು ತೂಗಿ ನೋಡಲು ಪೆಟ್ಟಿಗೆಯ ಗಣಿತವೊಂದೇ ಸಾಲದು. ರಾಜ್ಯದ ದತ್ತಾಂಶ ಕೇಂದ್ರಗಳನ್ನು ನಡೆಸುತ್ತಿರುವ ತಜ್ಞರು ತಮ್ಮ ಸರ್ವರುಗಳಲ್ಲಿ ಕಂಡ ಅಳತೆಗಳನ್ನು, ಫಲ ಕನಿಷ್ಠವಾಗಿದ್ದರೂ ಸಂಕೋಚಪಡದೆ, ಕನ್ನಡದಲ್ಲಿ ಪ್ರಕಟಿಸಬೇಕೆಂದು ಪ್ರಾರ್ಥಿಸುತ್ತೇನೆ.