ಬಂಡೆಗಳ ನಡುವಿನ ಮಹಾತೀರ್ಥ ಕೊಪ್ಪಳ

ಗದಗದಿಂದ ಹೊಸಪೇಟೆಯತ್ತ ಹೊರಟ ರೈಲು ಎರೆಹೊಲಗಳ ಬಯಲನ್ನು ಹಿಂದೆ ಹಾಕಿ ಕೊಪ್ಪಳವನ್ನು ಸಮೀಪಿಸುತ್ತಿದ್ದಂತೆ ನೋಟವೇ ಬದಲಾಗುತ್ತದೆ. ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಬಂಡೆಗಳು, ಕುರುಚಲು ಗಿಡಗಳ ಬೋಳು ಗುಡ್ಡಗಳು, ಅವುಗಳಲ್ಲೊಂದರ ನೆತ್ತಿಯಲ್ಲಿ ಕೋಟೆಯ ಸಾಲು. ಈ ಗುಡ್ಡಗಳ ಮಡಿಲಲ್ಲಿರುವ ಊರೇ ಕೊಪ್ಪಳ. ಹಂಪಿ ನೋಡಲು ಹೊರಟವರು ಸಾಮಾನ್ಯವಾಗಿ ಇಲ್ಲಿ ಇಳಿಯುವುದಿಲ್ಲ. ಆದರೆ ವಿಜಯನಗರ ಹುಟ್ಟುವುದಕ್ಕೆ ಹದಿನೈದು ಶತಮಾನಗಳಿಗೂ ಹಿಂದೆಯೇ ಈ ಗುಡ್ಡಗಳ ಮೇಲೆ ಅಕ್ಷರ ಮೂಡಿತ್ತು ಎಂಬುದನ್ನು ತಿಳಿದರೆ ಯಾರೂ ಇಳಿಯದೆ ಮುಂದೆ ಹೋಗಲಾರರು.

ಅಶೋಕನ ಎರಡು ಬಂಡೆಗಳು

1931ರಲ್ಲಿ ಕೊಪ್ಪಳದ ಎನ್.ಬಿ. ಶಾಸ್ತ್ರಿಯವರು ಊರ ಪಕ್ಕದ ಗುಡ್ಡಗಳಲ್ಲಿ ಎರಡು ಪ್ರಾಚೀನ ಶಾಸನಗಳನ್ನು ಗುರುತಿಸಿದರು. ಒಂದು ಗವಿಮಠದ ಗುಡ್ಡದಲ್ಲಿ, ಚಾಚಿಕೊಂಡ ಬಂಡೆಯೊಂದರ ನೆರಳಿನಲ್ಲಿದೆ. ಇನ್ನೊಂದು ಪಾಲ್ಕಿಗುಂಡಿನಲ್ಲಿ. ಎರಡು ದೊಡ್ಡ ಬಂಡೆಗಳ ಮೇಲೆ ಹಾಸುಗಲ್ಲೊಂದು ಕುಳಿತು ದೂರಕ್ಕೆ ಪಲ್ಲಕ್ಕಿಯಂತೆ ಕಾಣುವುದರಿಂದ ಆ ಗುಡ್ಡಕ್ಕೆ ಈ ಹೆಸರು. ಮರುವರ್ಷವೇ ಆರ್.ಎಲ್. ಟರ್ನರ್ ಈ ಶಾಸನಗಳನ್ನು ಓದಿ ಪ್ರಕಟಿಸಿದರು. ಎರಡೂ ಮೌರ್ಯ ಚಕ್ರವರ್ತಿ ಅಶೋಕನವು. ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ, ಕ್ರಿಸ್ತಪೂರ್ವ ಮೂರನೆಯ ಶತಮಾನ.

ಪಾಲ್ಕಿಗುಂಡಿನ ಶಾಸನ ಗಾಳಿ ಮಳೆಗೆ ಸಿಕ್ಕಿ ಬಹಳ ಸವೆದಿದೆ. ನೆರಳಲ್ಲಿದ್ದ ಗವಿಮಠದ ಶಾಸನ ಹೆಚ್ಚುಕಡಿಮೆ ಪೂರ್ಣವಾಗಿಯೇ ಉಳಿದಿದೆ. ಅದರಲ್ಲಿ ಯಾವ ಯುದ್ಧದ ಗೆಲುವಿನ ಮಾತೂ ಇಲ್ಲ. ತಾನು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲದಿಂದ ಉಪಾಸಕನಾಗಿದ್ದರೂ ಮೊದಲು ಸಾಕಷ್ಟು ಶ್ರಮಿಸಲಿಲ್ಲ, ಸಂಘದ ಸಮೀಪ ಹೋದ ಮೇಲೆ ಒಂದು ವರ್ಷಕ್ಕೂ ಮಿಗಿಲಾಗಿ ಶ್ರಮಿಸಿದೆ ಎಂದು ರಾಜ ತನ್ನ ಕೊರತೆಯನ್ನು ತಾನೇ ಒಪ್ಪಿಕೊಳ್ಳುತ್ತಾನೆ. ಈ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ಶ್ರಮಿಸಿದರೆ ಸ್ವರ್ಗವನ್ನು ಪಡೆಯಬಲ್ಲ ಎಂಬುದು ಅದರ ಸಾರ. ರಾಜಧಾನಿ ಪಾಟಲಿಪುತ್ರದಿಂದ ಇಷ್ಟು ದೂರದ ಗುಡ್ಡದ ಮೇಲೆ ಈ ಮಾತನ್ನು ಕೆತ್ತಿಸಬೇಕಾದರೆ ಇಲ್ಲಿ ಜನವಸತಿಯೂ ದಾರಿಯೂ ಇದ್ದಿರಲೇಬೇಕು.

ಆ ವಸತಿ ಇನ್ನೂ ಹಳೆಯದು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಬೆಟ್ಟದ ಮೇಲೆ ಚಪ್ಪಡಿಕಲ್ಲುಗಳನ್ನು ನಿಲ್ಲಿಸಿ ಕಟ್ಟಿದ, ಕಬ್ಬಿಣಯುಗದ ನೂರಾರು ಸಮಾಧಿಗಳಿವೆ. ಜನ ಇವನ್ನು ಮೊರೇರ ಮನೆಗಳೆನ್ನುತ್ತಾರೆ. ಮೊರೇರು ಎಂಬ ಕುಳ್ಳ ಜನ ಅಲ್ಲಿ ವಾಸವಾಗಿದ್ದರೆಂಬುದು ಹಳ್ಳಿಗರ ಕಥೆ. ಈ ತಾಣ 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಸಂಭಾವ್ಯ ಪಟ್ಟಿಗೆ ಸೇರಿತು.

ಹೋಲಿಕೆಗೆ ನಿಂತ ಹೆಸರು

ಹಳಗನ್ನಡದಲ್ಲಿ ಕೊಪ್ಪಳದ ಹೆಸರು ಕೊಪಣ. ಕ್ರಿ.ಶ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳು ಇರುವ ಸೀಮೆಯನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳ ಜೊತೆಗೆ ಕೊಪಣ ನಗರವನ್ನೂ ಹೇಳುತ್ತದೆ. ಅಂದರೆ ಇಂದಿನ ಪಟ್ಟದಕಲ್ಲು, ಲಕ್ಷ್ಮೇಶ್ವರಗಳ ಸಾಲಿನಲ್ಲಿ ಕೊಪ್ಪಳದ ನುಡಿಯೂ ಅಂದಿಗೆ ಅಚ್ಚಗನ್ನಡದ ಮಾದರಿಯಾಗಿತ್ತು.

ಜೈನರಿಗೆ ಕೊಪಣ ಮಹಾತೀರ್ಥ. ಸಲ್ಲೇಖನದಿಂದ ದೇಹ ಬಿಡಲು ಬಯಸಿದವರು ಈ ಬೆಟ್ಟಗಳನ್ನು ಹುಡುಕಿಕೊಂಡು ಬರುತ್ತಿದ್ದರು. ಕವಿ ರನ್ನ 993ರ ತನ್ನ 'ಅಜಿತಪುರಾಣ'ದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ಪವಿತ್ರವಾದ ನಡತೆಯನ್ನು ಗಂಗೆಯ ನೀರಿಗೂ ಕೊಪಣದ ಬೆಟ್ಟಕ್ಕೂ ಹೋಲಿಸಿದ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಹಾಳುಬಿದ್ದ ಬಸದಿಗಳನ್ನು ಎತ್ತಿ ನಿಲ್ಲಿಸಿದಾಗ, ಆತ ಗಂಗವಾಡಿಯನ್ನೇ ಕೊಪಣವನ್ನಾಗಿ ಮಾಡಿದನೆಂದು ಶಾಸನ ಹೊಗಳಿತು. ಒಂದು ಊರಿನ ಹೆಸರೇ ಪಾವಿತ್ರ್ಯಕ್ಕೆ ಇನ್ನೊಂದು ಮಾತಾಗುವುದೆಂದರೆ ಇದೇ.

ಪಾಲ್ಕಿಗುಂಡಿನ ಬಳಿ ಬಂಡೆಯ ಮೇಲೆ ಒಂದು ಜೊತೆ ಪಾದಗಳನ್ನು ಕಡೆದಿದ್ದಾರೆ. ಸಂಸ್ಕೃತದಲ್ಲಿ 'ವರಾಂಗಚರಿತ'ವನ್ನು ಬರೆದ ಜಟಾಸಿಂಹನಂದಿ ಆಚಾರ್ಯರ ಪಾದಗಳಿವು, ಚಾವಯ್ಯ ಎಂಬಾತ ಮಾಡಿಸಿದ್ದು ಎಂದು ಅಲ್ಲಿನ ಕನ್ನಡ ಬರಹ ತಿಳಿಸುತ್ತದೆ. ಚಾವಯ್ಯ ಯಾರೋ, ಏನು ಕಸುಬಿನವನೋ ಬರಹ ಹೇಳುವುದಿಲ್ಲ. ಸಣ್ಣವನಿಗೂ ಸಾಧ್ಯ ಎಂದ ಅಶೋಕನ ಗುಡ್ಡದಲ್ಲೇ ಒಬ್ಬ ಸಾಮಾನ್ಯ ಭಕ್ತನ ಹೆಸರು ಹೀಗೆ ಉಳಿದುಕೊಂಡಿತು.

ಆದರೆ ಆ ಬಸದಿಗಳೆಲ್ಲಿ? ಕೊಪಣದಲ್ಲಿ 772 ಬಸದಿಗಳಿದ್ದವೆಂಬ ಪ್ರತೀತಿ ಇದೆ. ಆ ಸಂಖ್ಯೆಯನ್ನು ನೆಚ್ಚಬೇಕಾಗಿಲ್ಲ. ಆದರೂ ಇಷ್ಟು ಹೆಸರಾದ ತೀರ್ಥದಲ್ಲಿ ಇಂದು ಕಣ್ಣಿಗೆ ಬೀಳುವ ಜೈನ ಕುರುಹುಗಳು ತೀರಾ ಕಡಿಮೆ. 1935ರಲ್ಲಿ ಸಿ.ಆರ್. ಕೃಷ್ಣಮಾಚಾರ್ಲು ಇಲ್ಲಿನ ಕನ್ನಡ ಶಾಸನಗಳನ್ನು ಪುಸ್ತಕವಾಗಿ ತರದೇ ಹೋಗಿದ್ದರೆ ಆ ಕಾಲದ ಬಹುಭಾಗ ಬರಿಯ ಐತಿಹ್ಯವಾಗಿಬಿಡುತ್ತಿತ್ತು.

ಕೋಟೆ ಕಂಡ ಕಾಳಗಗಳು

ತೀರ್ಥವಾಗಿದ್ದ ಬೆಟ್ಟ ಮುಂದೆ ಕೋಟೆಯ ಬೆಟ್ಟವಾಯಿತು. ಬಯಲಿನಿಂದ ಸುಮಾರು 400 ಅಡಿ ಎತ್ತರದಲ್ಲಿರುವ ಮೇಲಿನ ಕೋಟೆಯನ್ನು 1786ರಲ್ಲಿ ಟಿಪ್ಪು ಸುಲ್ತಾನ ಪಾಳೆಯಗಾರನೊಬ್ಬನಿಂದ ವಶಪಡಿಸಿಕೊಂಡು, ಫ್ರೆಂಚ್ ಎಂಜಿನಿಯರರ ನೆರವಿನಿಂದ ಬಲಪಡಿಸಿದ. 1790ರಲ್ಲಿ ನಿಜಾಮ ಮತ್ತು ಬ್ರಿಟಿಷರ ಸೇನೆಗಳು ಮುತ್ತಿಗೆ ಹಾಕಿದವು. ಸುಮಾರು ಆರು ತಿಂಗಳು ತಡೆದು ನಿಂತ ಕೋಟೆ 1791ರಲ್ಲಿ ಶರಣಾಯಿತು. ಇಂಥ ಗಟ್ಟಿಯಾದ ಸ್ಥಳಗಳು ಭಾರತದಲ್ಲೇ ಅಪರೂಪವೆಂದು ಸರ್ ಜಾನ್ ಮಾಲ್ಕಮ್ ಬರೆದ.

ಬಂಡಾಯದ ನೆನಪೂ ಈ ಗೋಡೆಗಳಿಗಿದೆ. 1819ರಲ್ಲಿ ವೀರಪ್ಪ ಎಂಬಾತ ಕೋಟೆಯನ್ನು ಹಿಡಿದು ಬ್ರಿಟಿಷರನ್ನು ಎದುರಿಸಿದ. 1858ರಲ್ಲಿ ಮುಂಡರಗಿಯ ಭೀಮರಾಯ ಮತ್ತು ಹಮ್ಮಿಗಿಯ ಕೆಂಚನಗೌಡ ಕೋಟೆಯೊಳಗೆ ಸೇರಿದರು. ಬ್ರಿಟಿಷ್ ಪಡೆ ಬಾಗಿಲು ಒಡೆದು ನುಗ್ಗಿದಾಗ ಇಬ್ಬರೂ ಅನೇಕ ಸಂಗಡಿಗರೊಡನೆ ಅಲ್ಲೇ ಮಡಿದರು.

ಕೊಪ್ಪಳ ನಿಜಾಮರ ರಾಜ್ಯದಲ್ಲಿ ಸಾಲಾರ್‌ಜಂಗ್ ಮನೆತನದ ಜಹಗೀರಾಗಿತ್ತು. 1947ರ ಆಗಸ್ಟ್ 15ರಂದು ದೇಶವೆಲ್ಲ ಸಂಭ್ರಮಿಸಿದಾಗ ಈ ಸೀಮೆಗೆ ಸ್ವಾತಂತ್ರ್ಯ ಬಂದಿರಲಿಲ್ಲ. ಗಡಿಯಾಚೆಯ ಮುಂಡರಗಿಯ ಶಿಬಿರದಿಂದ ಅಳವಂಡಿ ಶಿವಮೂರ್ತಿಸ್ವಾಮಿ ಹೋರಾಟ ನಡೆಸಿದರು. 1948ರ ಸೆಪ್ಟೆಂಬರಿನಲ್ಲಷ್ಟೇ ಬಿಡುಗಡೆಯಾಯಿತು. 1956ರಲ್ಲಿ ರಾಯಚೂರು ಜಿಲ್ಲೆಯ ಭಾಗವಾಗಿ ಕನ್ನಡ ನಾಡಿಗೆ ಸೇರಿದ ಕೊಪ್ಪಳ 1997ರಲ್ಲಿ ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳೊಂದಿಗೆ ಪ್ರತ್ಯೇಕ ಜಿಲ್ಲೆಯಾಯಿತು.

ಜಾತ್ರೆ, ಗುಡಿ, ಗೊಂಬೆ

ಅಶೋಕನ ಶಾಸನವಿರುವ ಗುಡ್ಡದಲ್ಲೇ ಗವಿಸಿದ್ಧೇಶ್ವರ ಮಠವಿದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ನಡೆಯುವ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಸುತ್ತಲಿನ ಹಳ್ಳಿಗಳ ಮನೆಮನೆಯಲ್ಲಿ ಬಡಿದ ಜೋಳದ ರೊಟ್ಟಿ ದಾಸೋಹಕ್ಕೆ ಗಾಡಿಗಳಲ್ಲಿ ಬರುತ್ತದೆ. ಬೌದ್ಧ ಉಪಾಸಕ ರಾಜನ ಬರಹ, ಜೈನ ಆಚಾರ್ಯರ ಪಾದ, ಶರಣ ಪರಂಪರೆಯ ಮಠ ಮೂರೂ ಒಂದೇ ಊರಿನ ಗುಡ್ಡಗಳಲ್ಲಿ ನೆಲೆಗೊಂಡಿವೆ.

ಕೊಪ್ಪಳಕ್ಕೆ ಬಂದವರು ನೋಡಲೇಬೇಕಾದ ಇನ್ನೊಂದು ಸ್ಥಳ ಇಟಗಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಅಲ್ಲಿನ ಗುಡಿಯನ್ನು ಶಾಸನವೇ 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ದಾರಿಯಲ್ಲಿ ಕುಕನೂರಿನ ನವಲಿಂಗ ಗುಡಿಗಳಿವೆ.

ಸಮೀಪದ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಹಗುರವಾದ ಮರದಲ್ಲಿ ಗೊಂಬೆ, ದೇವರ ಮೂರ್ತಿಗಳನ್ನು ಮಾಡುತ್ತವೆ. ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟು ಸೇರಿಸಿದ ಮುದ್ದೆಯಿಂದ ತುಂಡುಗಳನ್ನು ಬೆಸೆದು, ಕಲ್ಲುಪುಡಿಯ ಸರಿಯಿಂದ ಒಡವೆಗಳನ್ನು ಉಬ್ಬಿಸಿ, ಮೇಲೆ ಬಣ್ಣ ಹಚ್ಚುತ್ತಾರೆ. ತಮ್ಮ ಹಿರಿಯರು ವಿಜಯನಗರದ ಅರಸರಿಗಾಗಿ ಕೆಲಸ ಮಾಡಿದವರೆಂಬ ನಂಬಿಕೆ ಇವರಲ್ಲಿದೆ.

ಜಪಾನಿನ ಬೆಟ್ಟದೂರು ತಕಯಾಮದ ಕಥೆಯೂ ಇಂಥದೇ. ಅದು ಇರುವ ಹಿದಾ ಸೀಮೆಯ ಬಡಗಿಗಳು ಎಂಟನೆಯ ಶತಮಾನದಲ್ಲಿ ತೆರಿಗೆಯ ಬದಲು ರಾಜಧಾನಿ ನಾರಾಕ್ಕೆ ಹೋಗಿ ದುಡಿಯುತ್ತಿದ್ದರು. ಅಲ್ಲಿನ ಕೋಟೆಯನ್ನು 1695ರಲ್ಲಿ ಕೆಡವಲಾಯಿತು. ಉಳಿದ ಹಳೆಯ ಬೀದಿಗಳನ್ನೂ ಕಚೇರಿಯನ್ನೂ ತೇರಿನ ಹಬ್ಬಗಳನ್ನೂ ಆ ಊರು ಜತನದಿಂದ ಕಾಪಾಡಿಕೊಂಡಿತು. ಅದನ್ನು ನೋಡಲು ಜಗತ್ತು ಹೋಗುತ್ತದೆ. ಕೊಪ್ಪಳದಲ್ಲಿ ಕೋಟೆ ಉಳಿದಿದೆ, ಶಾಸನ ಉಳಿದಿದೆ, ತೇರೂ ಎಳೆಯುತ್ತದೆ. ಆದರೆ ಇವೆಲ್ಲ ಒಂದೇ ಕಥೆಯ ಭಾಗಗಳೆಂದು ಬಂದವರಿಗೆ ತಿಳಿಸುವ ಕೆಲಸ ಇನ್ನೂ ಆಗಬೇಕಾಗಿದೆ.

ಇತ್ತೀಚಿನ ದಶಕಗಳಲ್ಲಿ ಊರಿನ ಸುತ್ತ ಕಬ್ಬಿಣ, ಉಕ್ಕಿನ ಕಾರ್ಖಾನೆಗಳು ಬೆಳೆದಿವೆ. ಉದ್ಯೋಗ ಬಂದಿದೆ, ಹೊಗೆ ಮತ್ತು ದೂಳೂ ಬಂದಿವೆ. ನಗರಕ್ಕೆ ಹತ್ತಿರವಾಗಿ ಮತ್ತೊಂದು ದೊಡ್ಡ ಉಕ್ಕಿನ ಕಾರ್ಖಾನೆ ಬೇಡವೆಂದು 2025ರ ಫೆಬ್ರುವರಿಯಲ್ಲಿ ಕೊಪ್ಪಳ ಬಂದ್ ನಡೆಯಿತು. ಗವಿಮಠದ ಸ್ವಾಮಿಗಳೂ ಜನರ ಜೊತೆ ಬೀದಿಗೆ ಬಂದರು. ಅಂದಿನ ಮಾತು ಮುಖ್ಯವಾಗಿ ಮಕ್ಕಳ ಉಸಿರಿನದು, ಹೊಲದ ಬೆಳೆಯದು. ಗುಡ್ಡದ ಅಕ್ಷರಗಳೂ ಅದೇ ಗಾಳಿಯಲ್ಲೇ ಇವೆ.

ಗವಿಮಠದ ಶಾಸನ ಇಪ್ಪತ್ತೆರಡು ಶತಮಾನಗಳಿಗೂ ಹೆಚ್ಚು ಕಾಲ ಉಳಿದದ್ದು ಒಂದು ಬಂಡೆಯ ನೆರಳಿನಿಂದ. ಇನ್ನು ಮುಂದೆ ಆ ನೆರಳೊಂದೇ ಸಾಲದು. ಊರಿನವರ ಕಾವಲೂ ಬೇಕು.